ಆಟಿಗೆ ಬಂದವಳು

ರಿಟ್ ಅಂದರೆ ಎಂತದ್ದು ಅಂತ ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು. ಎಂಬತ್ತೆರಡು ವರ್ಷದ ಅಜ್ಜಿಗೂ ಗೊತ್ತುಂಟು. ಕಲಿಸಿದ್ದು ನಾನು. ಆ ರಿಟ್ ಹಾಕುವ ಹಾಗೆ ಆದದ್ದರಲ್ಲಿ ನನ್ನ ಬಾಯಿಯ ಪಾಲೂ ಉಂಟು, ಅದು ಆಮೇಲೆ ಗೊತ್ತಾದದ್ದು. ನನ್ನ ಬಾಯಿ ಸ್ವಲ್ಪ ಉದ್ದ ಅಂತ ನನ್ನ ತಾಯಿಯೇ ಹೇಳುತ್ತಾರೆ, ಬೇರೆಯವರನ್ನು ಎಂತಕ್ಕೆ ದೂರಲಿ.

ನಾನು ಹರಿಣಾಕ್ಷಿ. ಕಾಪು ಪೇಟೆಯಿಂದ ಸಮುದ್ರದ ಕಡೆ ಇಳಿದರೆ ಸಿಗುವ ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ. ಉಡುಪಿಯಲ್ಲಿ ಸಿಸಿಲಿಯಾ ಮೇಡಮ್ ಅಂತ ವಕೀಲರಿದ್ದಾರೆ, ಅವರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತೇನೆ. ಗಂಡ ವಿಕಾಸ್ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಎಲೆಕ್ಟ್ರಿಷಿಯನ್. ಅತ್ತೆಗೆ ನಮ್ಮಲ್ಲಿ ಮಾಮಿ ಅನ್ನುವುದು. ನಮ್ಮ ಕುಶಲಾ ಮಾಮಿ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು. ಅವರ ತಾಯಿ ರತ್ನಾವತಿ ಅಜ್ಜಿ. ಮನೆ ಅಜ್ಜಿಯದ್ದು, ಅಜ್ಜಿಗೆ ಅವರ ತಾಯಿಯಿಂದ ಬಂದದ್ದು. ಮಾವ ತೀರಿಹೋಗಿ ಆರು ವರ್ಷವಾಯಿತು.

ಮತ್ತೆ ನನ್ನ ನಾದಿನಿ ನಿಖಿತಾ, ಅವಳ ಐದು ವರ್ಷದ ಮಗಳು ಧೃತಿ. ನಿಖಿತಾಳ ಗಂಡ ರೂಪೇಶ್ ಮಲ್ಪೆಯಿಂದ ಬೋಟಿಗೆ ಹೋಗುವವ, ಒಮ್ಮೆ ಹೋದರೆ ಹತ್ತು ದಿನ ಇಲ್ಲ. ಅವನ ಮನೆ ಹೆಜಮಾಡಿಯಲ್ಲಿ. ಅಲ್ಲಿ ಎರಡು ಕೋಣೆಯಲ್ಲಿ ಇಬ್ಬರು ಅಣ್ಣಂದಿರ ಸಂಸಾರ. ಹೆರಿಗೆಗೆ ಅಂತ ಇಲ್ಲಿಗೆ ಬಂದ ನಿಖಿತಾ ಮತ್ತೆ ಹೋಗಲಿಲ್ಲ. ಗಂಡ ಹೆಂಡತಿಗೆ ಜಗಳ ಎಂತದ್ದೂ ಇಲ್ಲ. ರೂಪೇಶ್ ಬೋಟಿನಿಂದ ಇಳಿದರೆ ಇಲ್ಲಿಗೇ ಬರುತ್ತಾನೆ, ಎರಡು ದಿನ ಇರುತ್ತಾನೆ, ಒಂದು ದಿನ ಹೆಜಮಾಡಿಗೆ ಹೋಗಿ ತಾಯಿಯನ್ನು ನೋಡುತ್ತಾನೆ, ಮತ್ತೆ ಬೋಟು.

ಜಗಳ ಇದ್ದದ್ದು ಅಡುಗೆಮನೆಯಲ್ಲಿ. ನಮ್ಮ ಗ್ಯಾಸ್ ಒಲೆಗೆ ಎರಡು ಬರ್ನರ್, ಅದರಲ್ಲಿ ಒಂದು ಹಾಳಾಗಿ ವರ್ಷ ಕಳೆದಿತ್ತು. ಊರಿನವರ ಮಿಕ್ಸಿ, ಪಂಪು ಎಲ್ಲ ರಿಪೇರಿ ಮಾಡಿಕೊಡುವ ನನ್ನ ಗಂಡನಿಗೆ ಮನೆಯ ಒಲೆ ನೋಡಲು ಪುರುಸೊತ್ತಿಲ್ಲ. ನನಗೆ ಎಂಟು ಹತ್ತರ ಬಸ್ಸು. ಜುಲೈಯಲ್ಲಿ ಒಂದು ಬೆಳಿಗ್ಗೆ ನಾನು ಪಲ್ಯಕ್ಕೆ ಹೆಚ್ಚಿಟ್ಟು ಬಂದು ನೋಡಿದರೆ ಇರುವ ಒಂದು ಒಲೆಯ ಮೇಲೆ ಧೃತಿಯ ಹಾಲು.

"ಎಷ್ಟು ಹೊತ್ತು ನಿಖಿ?" ಅಂದೆ.

"ಐದು ನಿಮಿಷ ಅತ್ತಿಗೆ. ಕುದಿ ಬರ್ಲಿಕ್ಕೆ ಆಯ್ತು."

"ದಿನಾ ಐದು ನಿಮಿಷ. ನಾನು ಕೆಲಸಕ್ಕೆ ಹೋಗುವವಳು ಮಾರಾಯ್ತಿ. ನಿನಗೆ ಗಂಡನ ಮನೆಯಲ್ಲಿ ಒಲೆ ಇಲ್ವಾ? ಇದು ನನ್ನ ಗಂಡನ ಮನೆ. ನಾನು ಎಲ್ಲಿಗೆ ಹೋಗಿ ಬೇಯಿಸಲಿ?"

ಅವಳು ಕುದಿ ಬಾರದ ಹಾಲನ್ನು ಇಳಿಸಿ, ಒಲೆ ಬಿಟ್ಟುಕೊಟ್ಟು ಹೋದಳು. ಹೊರಗೆ ಕಟ್ಟೆಯ ಮೇಲೆ ಮಾಮಿ ಬಂಗುಡೆ ಕೊಯ್ಯುತ್ತಾ ಇದ್ದರು. ಕೇಳಿಸಿರಬೇಕು ಅಂತ ಗೊತ್ತಿತ್ತು. ಕೇಳಲಿ ಅಂತಲೇ ಸ್ವಲ್ಪ ಜೋರಾಗಿ ಹೇಳಿದ್ದು, ಸುಳ್ಳು ಯಾಕೆ.

ನಿಖಿತಾ ಆ ಹೊತ್ತಿಗೆ ನಮ್ಮ ವಾರ್ಡಿನ ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಅರ್ಜಿ ಹಾಕಿ ಆಗಿತ್ತು. ಪಿಯುಸಿಯಲ್ಲಿ ಅವಳಿಗೆ ಒಳ್ಳೆಯ ಅಂಕ, ಬಂದ ಅರ್ಜಿಗಳಲ್ಲಿ ಅವಳೇ ಮೊದಲು. ಅಂಗನವಾಡಿ ಮನೆಯಿಂದ ನಾಲ್ಕು ನಿಮಿಷದ ದಾರಿ. ಒಂದೇ ಷರತ್ತು, ಅದೇ ಊರಿನಲ್ಲಿ ವಾಸ ಇರಬೇಕು. ಆಧಾರ್ ಇಲ್ಲಿಯದ್ದು, ತಾಲೂಕು ಕಚೇರಿಯ ವಾಸ್ತವ್ಯ ಪತ್ರವೂ ಇತ್ತು. ಕೆಲಸ ಸಿಕ್ಕಿದರೆ ಮನೆಯ ಹಿಂದೆ ಅಜ್ಜಿ ತೋರಿಸಿದ ಜಾಗದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಕಟ್ಟಿಕೊಳ್ಳುತ್ತೇನೆ ಅನ್ನುತ್ತಿದ್ದಳು. ಸಿಗದಿದ್ದರೆ?

"ಸಿಗದಿದ್ದರೆ ಹೆಜಮಾಡಿಗೆ ಹೋಗುವುದೇ," ಅಂದಳು ಆ ಒಲೆಯ ಜಗಳದ ಮರುದಿನ. "ಎಷ್ಟು ದಿನ ಅಂತ ಒಬ್ಬರ ಬಸ್ಸು ತಪ್ಪಿಸುವುದು."

ಅಜ್ಜಿ ಅವತ್ತು ಗಂಜಿ ಅರ್ಧಕ್ಕೇ ಬಿಟ್ಟು ಎದ್ದರು. ಧೃತಿ ಇಲ್ಲದ ಮನೆಯಲ್ಲಿ ನಾನು ಯಾರ ಹತ್ತಿರ ಮಾತಾಡುವುದು, ಗೋಡೆಯ ಹತ್ತಿರವಾ, ಅಂತ ಜಗಲಿಯಲ್ಲಿ ಕೂತು ದಿನವಿಡೀ ಪಿರಿಪಿರಿ ಮಾಡಿದರು.

ಆಗಸ್ಟ್ ಕೊನೆಗೆ ಪಟ್ಟಿ ಬಂತು. ನಿಖಿತಾಳ ಹೆಸರಿನ ಎದುರು ಹೀಗೆ ಬರೆದಿತ್ತು: ಸ್ಥಳ ಪರಿಶೀಲನೆಯಲ್ಲಿ ಅಭ್ಯರ್ಥಿಯು ಗಂಡನ ಮನೆಯ ನಿವಾಸಿ ಎಂದು ಕಂಡುಬಂದಿರುವುದರಿಂದ ತಿರಸ್ಕರಿಸಲಾಗಿದೆ. ಆಯ್ಕೆಯಾದದ್ದು ಎರಡನೇ ನಂಬರಿನಲ್ಲಿದ್ದ ಮೆಲಿಷಾ. ಎರಡು ಓಣಿ ಆಚೆಯ ಹುಡುಗಿ, ಪಾಪದವಳು. ಅವಳ ಮನೆಗೆ ವಾರಕ್ಕೆ ಮೂರು ದಿನ ಮೀನು ಕೊಡುವುದು ನಮ್ಮ ಮಾಮಿಯೇ.

"ಸ್ಥಳ ಪರಿಶೀಲನೆಗೆ ಯಾರು ಬಂದಿದ್ದರು?" ನಿಖಿತಾ ಎಲ್ಲರ ಮುಖ ನೋಡಿದಳು. "ನಾನು ನೋಡಲೇ ಇಲ್ಲವಲ್ಲ."

"ಯಾರೂ ಬರ್ಲಿಲ್ಲ," ಅಂದರು ಮಾಮಿ. "ಆಫೀಸಿನಲ್ಲಿ ಕೂತು ಬರೆದದ್ದು. ಅವರ ಕೈಗೆ ಹುಳ ಬೀಳ್ಲಿ." ಆ ದಿನ ಮಾಮಿ ಹಾಕಿದಷ್ಟು ಬೊಬ್ಬೆ ಯಾರೂ ಹಾಕಲಿಲ್ಲ. ಮಧ್ಯಾಹ್ನದ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ನಾನು ನಿಖಿತಾಳ ಕಾಗದಗಳನ್ನೆಲ್ಲ ಒಂದು ಫೈಲಿಗೆ ಹಾಕಿ ಸಿಸಿಲಿಯಾ ಮೇಡಮ್ ಮುಂದೆ ಇಟ್ಟೆ. ಒಲೆಯ ಮಾತು ಆಡಿದ ಮೇಲೆ ನನಗೂ ಒಳಗೆ ಚುಚ್ಚುತ್ತಿತ್ತು. ಅದಕ್ಕೇ ಇಟ್ಟದ್ದು ಅಂತ ಆಗ ಒಪ್ಪಿಕೊಳ್ಳುತ್ತಿರಲಿಲ್ಲ.

"ಮೊದಲು ಆಕ್ಷೇಪಣೆ ಬರೆದು ಇಲಾಖೆಯವರಿಗೇ ಕೊಡಿ," ಅಂದರು ಮೇಡಮ್. "ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಸ್ವೀಕೃತಿ ಚೀಟಿ ಸಮೇತ. ಕೇಳಿದೆವು, ಅವರು ಕೊಡಲಿಲ್ಲ ಅಂತ ತೋರಿಸಬೇಕು. ಕೇಳದೆ ಸೀದಾ ಹೈಕೋರ್ಟಿಗೆ ಹೋದರೆ, ಮೊದಲು ಅಲ್ಲಿ ಕೇಳಿ ಬಾ ಅಂತ ವಾಪಸ್ ಕಳಿಸ್ತಾರೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಆ ಪರಿಶೀಲನಾ ವರದಿಯ ಪ್ರತಿ ಕೇಳಿ."

ಎರಡು ವಾರಕ್ಕೆ ಆಕ್ಷೇಪಣೆಗೆ ಉತ್ತರ ಬಂತು. ಎರಡು ಸಾಲು. ಪರಿಗಣಿಸಲು ಅವಕಾಶವಿರುವುದಿಲ್ಲ.

"ಒಳ್ಳೆಯದಾಯಿತು," ಅಂದರು ಮೇಡಮ್. "ಇನ್ನು ರಿಟ್ ಹಾಕುವ. ನವರಾತ್ರಿಗೆ ಮೊದಲು ಆ ಹುಡುಗಿಗೆ ನೇಮಕಾತಿ ಆದೇಶ ಹೋಗ್ತದೆ. ಅವಳು ಹೋಗಿ ಕೂತ ಮೇಲೆ ಎಬ್ಬಿಸುವುದು ಕಷ್ಟ. ಅದಕ್ಕೆ ಮುಂಚೆ ತಡೆ ಸಿಗಬೇಕು."

ಮನೆಯಲ್ಲಿ ಊಟಕ್ಕೆ ಕೂತಾಗ ವಿಷಯ ಎತ್ತಿದೆ. ರೂಪೇಶ್ ಬೋಟಿನಿಂದ ಇಳಿದು ಬಂದಿದ್ದ.

"ರಿಟ್ ಅಂದ್ರೆ ಎಂತ?" ಅಜ್ಜಿ ಕೇಳಿದರು.

"ಹೈಕೋರ್ಟಿನ ಆಜ್ಞೆ ಅಜ್ಜಿ. ಸರ್ಕಾರದವರಿಗೆ ಕೊಡುವುದು. ಮಾಡಬೇಕಾದ ಕೆಲಸ ಅವರು ಮಾಡದಿದ್ದರೆ, ಮಾಡಿ ಅಂತ. ಮಾಡಿದ್ದು ತಪ್ಪಾಗಿದ್ದರೆ, ರದ್ದು ಅಂತ. ನಾವು ಎರಡೂ ಕೇಳುವುದು. ಆ ಪಟ್ಟಿ ರದ್ದು ಮಾಡಿ, ನಿಖಿತಾಳನ್ನು ಪರಿಗಣಿಸಿ ಅಂತ."

"ಭೂತದ ನೇಮದಲ್ಲಿ ದೈವ ಆಜ್ಞೆ ಹೇಳ್ತದಲ್ಲ, ಹಾಗೆ?"

"ಹಾಗೇ. ಆದರೆ ಇಲ್ಲಿ ಎಲ್ಲ ಟೈಪ್ ಮಾಡಿ, ಪುಟಕ್ಕೆ ನಂಬರ್ ಹಾಕಿ ಕೊಡಬೇಕು."

"ಇಲ್ಲಿ ಉಡುಪಿ ಕೋರ್ಟಿನಲ್ಲಿ ಆಗುವುದಿಲ್ವಾ?" ವಿಕಾಸ್ ಮೀನಿನ ಮುಳ್ಳು ತೆಗೆಯುತ್ತಾ ಕೇಳಿದರು.

"ಆಗುವುದಿಲ್ಲ ಮಾರಾಯ್ರೆ. ರಿಟ್ ಹೈಕೋರ್ಟಿಗೇ ಹಾಕಬೇಕು, ಬೆಂಗಳೂರಿಗೆ. ಮೇಡಮಿನ ಗೆಳತಿ ಒಬ್ಬರು ಅಲ್ಲಿ ವಕೀಲರು, ಅವರು ಹಾಕ್ತಾರೆ. ನಿಖಿತಾ ಇಲ್ಲೇ ನೋಟರಿಯ ಎದುರು ಪ್ರಮಾಣ ಮಾಡಿ ಸಹಿ ಹಾಕಿದರೆ ಸಾಕು."

"ಮೆಲಿಷಾಳ ಮೇಲೂ ಕೇಸಾ?" ನಿಖಿತಾ ಕೇಳಿದಳು.

"ಅವಳ ಮೇಲೆ ದೂರು ಅಲ್ಲ. ಆದರೆ ಅವಳ ಕೆಲಸ ಹೋಗುವ ವಿಷಯ ಅಲ್ವಾ, ಅವಳನ್ನೂ ಎದುರುದಾರಳಾಗಿ ಸೇರಿಸಲೇಬೇಕು. ಅರ್ಜಿಯ ಒಂದು ಪ್ರತಿ ಅವಳ ಮನೆಗೆ ಹೋಗ್ತದೆ."

ಮಾಮಿಯ ಕೈ ಅನ್ನದಲ್ಲೇ ನಿಂತಿತು. "ಅರ್ಜಿಯಲ್ಲಿ ಇದ್ದದ್ದು ಎಲ್ಲ ಹೋಗ್ತದಾ?"

"ಎಲ್ಲ."

ಮಾಮಿ ಎದ್ದು ಕೈ ತೊಳೆಯಲು ಹೋದರು. ತಟ್ಟೆಯಲ್ಲಿ ಅರ್ಧ ಮೀನು ಹಾಗೇ ಉಳಿದಿತ್ತು. ಮೀನು ಬಿಟ್ಟು ಏಳುವ ಹೆಂಗಸಲ್ಲ ಅವರು. ಬುಟ್ಟಿ ಹೊತ್ತು ಸುಸ್ತಾಗಿರಬೇಕು ಅಂದುಕೊಂಡೆ.

"ನಿನಗೆ ಎಂತ ಕಾಣ್ತದೆ?" ನಿಖಿತಾ ಗಂಡನನ್ನು ಕೇಳಿದಳು.

"ನನಗೆ ಎಲ್ಲಿಯಾದರೂ ಆಗ್ತದೆ," ಅಂದ ರೂಪೇಶ್. "ನಾನು ಇರುವುದು ನೀರಿನಲ್ಲಿ. ನೀನು ಎಲ್ಲಿ ಇರ್ತೀಯೋ ಅಲ್ಲಿಗೆ ಬರ್ತೇನೆ. ಒಂದು ಕಡೆ ಗಟ್ಟಿ ಮಾಡು, ಅಷ್ಟೆ."

ಅಲ್ಲಿಂದ ಶುರುವಾಯಿತು ನನ್ನ ಮಂಡೆಬಿಸಿ. ರಿಟ್ ಅರ್ಜಿ ಅಂದರೆ ಒಂದು ಹಾಳೆ ಅಂತ ಮನೆಯವರು ಅಂದುಕೊಂಡಿದ್ದರು. ಯಾವ ದಿನ ಏನಾಯಿತು ಅಂತ ತಾರೀಕಿನ ಪಟ್ಟಿ ಬೇರೆ, ಅರ್ಜಿ ಬೇರೆ, ಪ್ರಮಾಣಪತ್ರ ಬೇರೆ, ತುರ್ತು ತಡೆ ಕೇಳುವ ಅರ್ಜಿ ಬೇರೆ. ದಾಖಲೆಗಳಿಗೆ ಎ, ಬಿ, ಸಿ ಅಂತ ಗುರುತು, ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ, ವಕೀಲರಿಗೆ ವಕಾಲತ್ತು. ಆಫೀಸಿನಲ್ಲಿ ಬೇರೆಯವರ ರಿಟ್ ಎಷ್ಟು ಟೈಪ್ ಮಾಡಿಲ್ಲ ನಾನು. ಆಗ ಅದು ಬರೀ ಪುಟಗಳ ಲೆಕ್ಕ. ಇದರಲ್ಲಿ ನಮ್ಮ ಮನೆ ನಂಬರ್ ಟೈಪ್ ಮಾಡುವಾಗ ಬೆರಳು ತಪ್ಪುತ್ತಿತ್ತು.

ಸೆಪ್ಟೆಂಬರ್ ಇಪ್ಪತ್ತಕ್ಕೆ ಪರಿಶೀಲನಾ ವರದಿಯ ಪ್ರತಿ ಬಂತು. ಲಕೋಟೆ ಒಡೆದದ್ದು ನಾನೇ. ಒಂದೇ ಪುಟ, ಜುಲೈ ಇಪ್ಪತ್ತೆಂಟನೇ ತಾರೀಕಿನದ್ದು. ಅಂಗನವಾಡಿ ಮೇಲ್ವಿಚಾರಕಿ ಮನೆಗೆ ಬಂದಾಗ ಅಭ್ಯರ್ಥಿ ಇರಲಿಲ್ಲ, ಮಗುವಿನ ಲಸಿಕೆಗೆ ಹೋಗಿದ್ದರು. ಅಭ್ಯರ್ಥಿಯ ತಾಯಿಯನ್ನು ವಿಚಾರಿಸಲಾಗಿ, "ಮಗಳು ಹೆಜಮಾಡಿಯ ಗಂಡನ ಮನೆಯಲ್ಲೇ ಇರುವುದು, ಆಟಿಗೆ ಅಂತ ಇಲ್ಲಿಗೆ ಬಂದದ್ದು, ಆಟಿ ಮುಗಿದ ಮೇಲೆ ಹೋಗುತ್ತಾಳೆ" ಎಂದು ತಿಳಿಸಿರುತ್ತಾರೆ. ಕೆಳಗೆ ಸಹಿ. ಕುಶಲಾ.

ನಮ್ಮ ಕಡೆ ಹೊಸತಾಗಿ ಮದುವೆಯಾದ ಹುಡುಗಿಯರು ಆಟಿ ತಿಂಗಳಿಗೆ, ಅಂದರೆ ಜುಲೈ ಆಗಸ್ಟಿನ ಜಡಿಮಳೆಗೆ, ತಾಯಿಮನೆಗೆ ಬರುವುದುಂಟು. ಒಂದು ತಿಂಗಳು ಉಂಡು ತಿಂದು ಹೋಗುತ್ತಾರೆ. ಮದುವೆಯಾಗಿ ಏಳು ವರ್ಷದವಳು, ಐದು ವರ್ಷದಿಂದ ಇಲ್ಲೇ ಇರುವವಳು ಆಟಿಗೆ ಬಂದವಳಾ? ಆ ಸಹಿಯನ್ನು ನಾನು ಅವರ ಸ್ವಸಹಾಯ ಸಂಘದ ಪುಸ್ತಕದಲ್ಲಿ ಪ್ರತಿ ವಾರ ನೋಡುತ್ತೇನೆ. ಬೇರೆ ಯಾರದ್ದೂ ಅಲ್ಲ.

ಮೇಡಮ್ ಓದಿ ಕನ್ನಡಕ ತೆಗೆದಿಟ್ಟರು. "ಇದು ಹೋದರೆ ಕೇಸು ಹೋಯಿತು ಹರಿಣಾಕ್ಷಿ. ಹೈಕೋರ್ಟಿನಲ್ಲಿ ರಿಟ್ ಕೇಳುವಾಗ ಸಾಕ್ಷಿ ಕರೆದು ಪಾಟಿಸವಾಲು ಮಾಡುವುದಿಲ್ಲ, ಕಾಗದ ನೋಡಿ ತೀರ್ಮಾನ ಮಾಡುವುದು. ಸರ್ಕಾರದ ವಕೀಲರು ಇದನ್ನು ತೋರಿಸಿ, ತಾಯಿಯೇ ಹೀಗೆ ಹೇಳಿದ್ದಾರೆ ಅಂದರೆ ನಾವು ಎಂತ ಹೇಳುವುದು?"

"ಇದನ್ನು ಹಾಕದಿದ್ದರೆ?"

"ಅವರು ಹಾಕ್ತಾರೆ. ಆಗ ನಾವು ಮುಚ್ಚಿಟ್ಟವರು ಅಂತಲೂ ಆಗ್ತದೆ. ರಿಟ್ ಕೇಳಲು ಹೋಗುವವರು ಏನನ್ನೂ ಮುಚ್ಚಿಡಬಾರದು. ನಿಮ್ಮ ಅತ್ತೆ ಒಂದು ಪ್ರಮಾಣಪತ್ರ ಕೊಡಲಿ. ಅವತ್ತು ಹೇಳಿದ್ದು ಸರಿಯಲ್ಲ ಅಂತ, ಯಾಕೆ ಹಾಗೆ ಹೇಳಿದೆ ಅಂತ. ಯಾಕೆ ಅನ್ನುವುದು ಇಲ್ಲದಿದ್ದರೆ ಯಾರೂ ನಂಬುವುದಿಲ್ಲ."

ಎರಡು ದಿನ ಆ ಕಾಗದ ನನ್ನ ಊಟದ ಚೀಲದಲ್ಲೇ ಇತ್ತು. ಮಾಮಿಯ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು, ನಿಖಿತಾಳ ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು. ಎಷ್ಟು ಬೊಬ್ಬೆ ಹಾಕಿದ್ದರು ಈ ಹೆಂಗಸು, ಯಾರೂ ಬರಲಿಲ್ಲ ಅಂತ. ಭಾನುವಾರ ನಿಖಿತಾ ಬಟ್ಟೆ ಒಗೆಯಲು ಬಾವಿಕಟ್ಟೆಗೆ ಹೋದಾಗ ಅಡುಗೆಮನೆಯಲ್ಲಿ ಮಸಾಲೆಗೆ ಮೆಣಸು ಹುರಿಯುತ್ತಿದ್ದ ಮಾಮಿಯ ಎದುರು ಕಾಗದ ಹಿಡಿದೆ.

"ಇದು ನಿಮ್ಮದೇ ಸಹಿ ಅಲ್ವಾ?"

ಅವರು ಒಲೆ ಆರಿಸಿದರು. ಕಾಗದ ಮುಟ್ಟಲಿಲ್ಲ.

"ಎಂತಕ್ಕೆ ಹಾಗೆ ಹೇಳಿದಿರಿ ಮಾಮಿ? ಸ್ವಂತ ಮಗಳ ಅನ್ನಕ್ಕೆ ಕಲ್ಲು ಹಾಕುವುದಾ?"

"ನನಗೆ ಅದು ಕೆಲಸಕ್ಕೆ ಕೇಳಿದ್ದು ಅಂತ ಗೊತ್ತಿರಲಿಲ್ಲ. ಅಮ್ಮ ಒಳಗೆ ಮಲಗಿದ್ದರು, ಯಾರೋ ಸರ್ವೆಯವರು ಅಂತ ಎಣಿಸಿದೆ. ಚಾ ಕೊಟ್ಟೆ. ಮಗಳು ಇಲ್ಲೇ ಇರುವುದಾ ಅಂತ ಕೇಳಿದರು. ಹೌದು ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

"ಬಾಯಿ ಬಾರದ್ದು ಎಂತ ಅದರಲ್ಲಿ?"

"ಆ ವಾರವೇ ಅಲ್ವಾ ಕಾರ್ಕಳಕ್ಕೆ ಉತ್ತರಕ್ರಿಯೆಯ ಊಟಕ್ಕೆ ಹೋದದ್ದು. ನಾಲ್ಕು ಜನರ ಎದುರು ಕೇಳಿದರು, ನಿನ್ನ ಮಗಳನ್ನು ಗಂಡ ಕರ್ಕೊಂಡು ಹೋಗುವುದಿಲ್ವಾ ಕುಶಲಾ, ಏನಾದರೂ ಗಲಾಟೆಯಾ ಅಂತ. ಸರಿ, ಅವರು ಹೊರಗಿನವರು." ಮಾಮಿ ಸೆರಗಿನಿಂದ ಕಣ್ಣು ಒತ್ತಿಕೊಂಡರು, ಮೆಣಸಿನ ಘಾಟಿಗೋ ಏನೋ. "ಮನೆಗೆ ಬಂದರೆ ನೀನು. ಗಂಡನ ಮನೆಯಲ್ಲಿ ಒಲೆ ಇಲ್ವಾ ಅಂತ. ನೀನು ಹೇಳಿ ಎರಡನೇ ದಿನಕ್ಕೆ ಆ ಹೆಂಗಸು ಬಂದದ್ದು ಹರಿಣಿ. ಮಗಳು ಇಲ್ಲೇ ಇದ್ದಾಳೆ ಅಂತ ನನ್ನ ಸೊಸೆಯ ಎದುರೇ ಹೇಳ್ಲಿಕ್ಕೆ ಆಗದವಳು, ಪರಿಚಯ ಇಲ್ಲದವರಿಗೆ ಹೇಗೆ ಹೇಳಲಿ?"

ಕಾಗದ ಹಿಡಿದ ಕೈ ಕೆಳಗಿಳಿಸಿದೆ.

ತಿರುಗಿ ನೋಡಿದರೆ ಹಿಂಬಾಗಿಲಲ್ಲಿ ನಿಖಿತಾ, ಕೈಯಲ್ಲಿ ಖಾಲಿ ಬಕೆಟ್. ಎಷ್ಟು ಕೇಳಿದಳೋ. ನನ್ನ ಕೈಯಿಂದ ಕಾಗದ ತೆಗೆದುಕೊಂಡು ಪೂರ್ತಿ ಓದಿದಳು, ಮಡಚಿ ವಾಪಸ್ ಕೊಟ್ಟಳು.

"ನಾಚಿಕೆ ಆಗ್ತಿತ್ತು ಅಂತ ನನ್ನ ಹತ್ತಿರ ಹೇಳಿದ್ದರೆ ನಾನೇ ಹೋಗ್ತಿದ್ದೆ ಅಮ್ಮ," ಅಂದಳು.

ಮೇಡಮ್ ಹೇಳಿದ ಪ್ರಮಾಣಪತ್ರದ ವಿಷಯ ಅಲ್ಲೇ ಹೇಳಿಬಿಟ್ಟೆ. ಮಾಮಿ ತಲೆ ಅಲ್ಲಾಡಿಸಿದರು. "ಸಾಧ್ಯವೇ ಇಲ್ಲ. ನಾನು ಸುಳ್ಳು ಹೇಳಿದವಳು ಅಂತ ಪ್ರಮಾಣ ಮಾಡಿ ಬರೆದು ಕೊಡುವುದಾ? ಅದು ಮೆಲಿಷಾಳ ಮನೆಗೂ ಹೋಗ್ತದೆ ಅಂದಿ ನೀನು. ಮರುದಿನ ನಾನು ಅವರ ಅಂಗಳದಲ್ಲಿ ಬುಟ್ಟಿ ಇಳಿಸುವುದು ಹೇಗೆ? ಇಡೀ ಓಣಿ ಓದ್ತದೆ."

"ಬೇಡ ಬಿಡಿ," ಅಂದಳು ನಿಖಿತಾ. "ಎಂತದ್ದೂ ಬೇಡ."

ಆ ಸಂಜೆ ಅವಳು ಧೃತಿಯ ಪುಸ್ತಕ, ಮಳೆಯ ಕೋಟು, ಪಾಟಿ ಎಲ್ಲ ಒಂದು ಚೀಲಕ್ಕೆ ಹಾಕಿದಳು. ಹೆಜಮಾಡಿಯ ಶಾಲೆಯಲ್ಲಿ ನಡುವರ್ಷಕ್ಕೆ ಸೇರಿಸಿಕೊಳ್ಳುತ್ತಾರಾ ಅಂತ ರೂಪೇಶನ ಅತ್ತಿಗೆಗೆ ಫೋನ್ ಮಾಡಿ ಕೇಳಿದಳು. ವಿಕಾಸ್ ಜಗಲಿಗೂ ಒಳಗೂ ನಾಲ್ಕು ಸಲ ನಡೆದರು. ಕೊನೆಗೆ ಸ್ಕ್ರೂಡ್ರೈವರ್ ತಂದು ಒಲೆಯ ಹಾಳಾದ ಬರ್ನರ್ ಬಿಚ್ಚಿ ಕೂತರು. ಈಗ ನೆನಪಾಯಿತಾ ಅಂತ ನನ್ನ ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ.

ರಾಗಿ ಮಾಲ್ಟ್ ಕುಡಿಯುತ್ತಾ ಅಜ್ಜಿ ಮಗಳನ್ನು ಕರೆದರು. "ಕುಶಲಾ, ಇಲ್ಲಿ ಬಾ. ನೀನು ಹುಟ್ಟಿದ್ದು ಎಲ್ಲಿ?"

"ಎಂತ ಅಮ್ಮ ಈಗ ಅದೆಲ್ಲ."

"ಹೇಳು ನೀನು."

"ಇಲ್ಲೇ. ಈ ಕೋಣೆಯಲ್ಲಿ."

"ನಿನ್ನ ಅಪ್ಪ ಇದ್ದದ್ದು ಉದ್ಯಾವರದಲ್ಲಿ, ಅವರ ತಾಯಿಯ ಮನೆಯಲ್ಲಿ. ಬಲೆಯ ಕೆಲಸ ಮುಗಿಸಿ ಸಂಜೆ ಇಲ್ಲಿಗೆ ಬರ್ತಿದ್ದರು, ಬೆಳಿಗ್ಗೆ ಗಂಜಿ ಕುಡಿದು ಹೋಗ್ತಿದ್ದರು. ಸಾಯುವವರೆಗೆ ಹಾಗೇ. ಆರು ಮಕ್ಕಳು ಹೆತ್ತೆ ನಾನು ಈ ಮನೆಯಲ್ಲಿ. ಒಬ್ಬರು ಕೇಳಿದರಾ, ರತ್ನಾವತಿ, ಗಂಡ ಕರ್ಕೊಂಡು ಹೋಗುವುದಿಲ್ವಾ ಅಂತ? ಹೆಣ್ಣುಮಕ್ಕಳು ಇರುವುದೇ ತಾಯಿಯ ಮನೆಯಲ್ಲಿ. ನಾನು ಆಟಿಗೆ ಬಂದವಳಾ?"

"ಆಗಿನ ಕಾಲ ಬೇರೆ ಅಮ್ಮ."

"ಕಾಲ ಬೇರೆ, ಮನೆ ಅದೇ. ನಾನು ಬದುಕಿರುವಾಗಲೇ ಈ ಮನೆಯ ಹೆಣ್ಣನ್ನು ನೆಂಟಳು ಅಂತ ಬರೆಸಿದಿ ನೀನು. ನನಗೆ ಬೇಸರ ಆಯಿತು, ನೋಡು." ಲೋಟ ಕೆಳಗಿಟ್ಟು ಅಜ್ಜಿ ಆ ಕಡೆ ಮುಖ ಮಾಡಿ ಮಲಗಿದರು. ಆ ಮಾತು ನನಗೂ ಸೇರಿ ಹೇಳಿದ್ದು ಅಂತ ನನಗೆ ಗೊತ್ತಿತ್ತು.

ಮಂಗಳವಾರ ಹನ್ನೊಂದು ಗಂಟೆಗೆ ನಾನು ಆಫೀಸಿನಲ್ಲಿ ತಾರೀಕಿನ ಪಟ್ಟಿ ಅರ್ಧ ಟೈಪ್ ಮಾಡಿ, ಮುಂದುವರಿಸುವುದೋ ಬಿಡುವುದೋ ಅಂತ ಕೂತಿದ್ದೆ. ಬಾಗಿಲಲ್ಲಿ ಮಾಮಿ. ಮದುವೆಗೆ ಉಡುವ ಸೀರೆ, ಕೈಯಲ್ಲಿ ಕೊಡೆ. ಬಸ್ಸಿನಲ್ಲಿ ಒಬ್ಬರೇ ಉಡುಪಿಗೆ ಬಂದದ್ದು ನಾನು ನೋಡಿದ್ದು ಅದೇ ಮೊದಲು.

"ಎಲ್ಲಿ ಸಹಿ ಹಾಕುವುದು?" ಅಂದರು.

"ಕೂತ್ಕೊಳ್ಳಿ ಮಾಮಿ. ಮೊದಲು ಬರೆಯಬೇಕಷ್ಟೆ. ನಿಮ್ಮ ಬಾಯಲ್ಲೇ ಹೇಳಬೇಕು."

ಸಿಸಿಲಿಯಾ ಮೇಡಮ್ ಕುರ್ಚಿ ಎಳೆದು ಹತ್ತಿರ ಕೂತರು. ಮಾಮಿ ಹೇಳಿದರು, ನಾನು ಟೈಪ್ ಮಾಡಿದೆ. ಮಗಳು ಇಲ್ಲೇ ಇರುವುದು, ಯಾವಾಗಿನಿಂದ, ಮೊಮ್ಮಗಳು ಯಾವ ಶಾಲೆ, ಎಲ್ಲ ಸರಸರ ಬಂತು. ಯಾಕೆ ಹಾಗೆ ಹೇಳಿದಿರಿ ಅಂತ ಮೇಡಮ್ ಕೇಳಿದಾಗ ನಿಂತಿತು.

"ನೆಂಟರು ಆಡಿಕೊಂಡರು ಅಂತ ಬರೆದರೆ ಸಾಕಲ್ವಾ?" ಮಾಮಿ ನನ್ನ ಕಡೆ ನೋಡದೆ ಕೇಳಿದರು.

ಅವರು ನನ್ನನ್ನು ಉಳಿಸುತ್ತಿದ್ದರು. ಅಷ್ಟು ಜನ ವಕೀಲರು, ಗುಮಾಸ್ತರು ಓಡಾಡುವ ನನ್ನ ಆಫೀಸಿನಲ್ಲಿ ನನ್ನ ಮರ್ಯಾದೆ ನೋಡಿದರು. ನಾನೇನು ದೊಡ್ಡವಳಲ್ಲ, ಒಂದು ಗಳಿಗೆ, ಅಷ್ಟು ಬರೆದರೆ ಸಾಕು ಅಂತ ಹೇಳಲು ಬಾಯಿ ತೆರೆದದ್ದೂ ಹೌದು.

"ಸಾಕಾಗುವುದಿಲ್ಲ," ಅಂದೆ. ಹೇಳುತ್ತಾ ಟೈಪ್ ಮಾಡಿದೆ. "ಮನೆಯಲ್ಲಿ ನನ್ನ ಸೊಸೆಯೂ, ಮಗಳು ಗಂಡನ ಮನೆಗೆ ಹೋಗುವುದಿಲ್ಲವೇ ಎಂದು ಕೇಳಿದ್ದರಿಂದ ನನಗೆ ನಾಚಿಕೆಯಾಗಿ."

ಮೇಡಮ್ ನನ್ನನ್ನೊಮ್ಮೆ ನೋಡಿದರು, ಪ್ರಿಂಟ್ ತೆಗೆಯಿರಿ ಅಂದರು. ನೋಟರಿ ಪೂರ್ತಿ ಓದಿ ಹೇಳಿ, ಅರ್ಥವಾಯಿತಾ ಅಂತ ಕೇಳಿದಾಗ ಮಾಮಿ, "ಹೇಳಿದ್ದೇ ನಾನು, ಅರ್ಥ ಆಗದೆ ಎಂತ," ಅಂದು ಸಹಿ ಹಾಕಿದರು. ನಾನು ಫೋನ್ ಮಾಡಿದ ಮೇಲೆ ಮಧ್ಯಾಹ್ನ ನಿಖಿತಾಳೂ ಬಂದು ಅರ್ಜಿಯ ಪ್ರಮಾಣಪತ್ರಕ್ಕೂ ವಕಾಲತ್ತಿಗೂ ಸಹಿ ಹಾಕಿದಳು. ತಾಯಿ ಮಗಳು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಸಾಲೆ ದೋಸೆ ಅರ್ಧರ್ಧ ತಿಂದರಂತೆ.

ಬೆಂಗಳೂರಿನಲ್ಲಿ ಅರ್ಜಿ ಹಾಕಿದ ಮೂರನೇ ದಿನ ಕೋರ್ಟಿನ ಆಫೀಸಿನಿಂದ ಆಕ್ಷೇಪ. ಒಂದು ದಾಖಲೆ ಮಸುಕಾಗಿದೆ, ಟೈಪ್ ಮಾಡಿದ ಪ್ರತಿ ಬೇಕು. ಒಂದು ಪುಟದ ನಂಬರ್ ತಪ್ಪು. ಅದು ನನ್ನದೇ ಬೆರಳಿನ ತಪ್ಪು. ನವರಾತ್ರಿ ಎದುರಿಗೇ ಇತ್ತು. ಮೆಲಿಷಾಗೆ ಆದೇಶ ಟೈಪ್ ಆಗಿದೆಯಂತೆ ಅಂತ ಯಾರೋ ಬಸ್ಸಿನಲ್ಲಿ ಹೇಳಿದರು. ಆ ವಾರ ನಮ್ಮ ಮನೆಯಲ್ಲಿ ಯಾರಿಗೂ ಸರಿ ಊಟ ಸೇರಲಿಲ್ಲ. ಧೃತಿಯ ಚೀಲ ಕಟ್ಟಿದ ಹಾಗೇ ಕಪಾಟಿನ ಪಕ್ಕ ಇತ್ತು. ದಿನಾ ಬೆಳಿಗ್ಗೆ ಅದರಿಂದ ಪುಸ್ತಕ ತೆಗೆದು ಶಾಲೆಗೆ, ಸಂಜೆ ಮತ್ತೆ ಅದಕ್ಕೇ.

ತಪ್ಪು ತಿದ್ದಿ ಕಳಿಸಿದ ಮೇಲೆ ಶುಕ್ರವಾರ ಅರ್ಜಿ ಮೊದಲ ವಿಚಾರಣೆಗೆ ಬಂತು. ಸರ್ಕಾರದ ವಕೀಲರು ನೋಟಿಸ್ ತೆಗೆದುಕೊಂಡರು, ಮುಂದಿನ ತಾರೀಕಿನವರೆಗೆ ಯಾರಿಗೂ ನೇಮಕಾತಿ ಆದೇಶ ಕೊಡಬಾರದು ಅಂತ ಆಯಿತು. ಬೆಂಗಳೂರಿನ ವಕೀಲರು ಫೋನಿನಲ್ಲಿ ನಗುತ್ತಾ ಹೇಳಿದರು. "ಗಂಡ ತಿಂಗಳಲ್ಲಿ ಇಪ್ಪತ್ತು ದಿನ ಸಮುದ್ರದಲ್ಲಿ. ಹೆಂಡತಿಯ ವಾಸ ಗಂಡನ ಜೊತೆ ಅಂತಾದರೆ ಅವಳು ಎಲ್ಲಿರಬೇಕು ಸ್ವಾಮಿ ಅಂತ ಕೇಳಿದೆ."

ನೋಟಿಸ್ ಮೆಲಿಷಾಳ ಮನೆಗೂ ಹೋಯಿತು. ಎರಡು ವಾರ ಮಾಮಿ ಆ ಓಣಿಗೆ ಹೋಗಲಿಲ್ಲ. ಮೂರನೇ ವಾರ ಹೋದರು. ಮೆಲಿಷಾಳ ತಾಯಿ ಬಾಗಿಲಿಗೆ ಬಂದರು, ಬೂತಾಯಿ ಮೀನು ಎಷ್ಟು ಅಂತ ಕೇಳಿದರು, ತೆಗೆದುಕೊಳ್ಳಲಿಲ್ಲ. ಮಾಮಿ ಬುಟ್ಟಿ ಎತ್ತಿಕೊಂಡು ಬಂದರು. ಒಂದು ಮನೆಯ ವ್ಯಾಪಾರ ಹೋಯಿತು, ಹೋಗಲಿ, ಅಂದರು. ಬೇಸರ ಇತ್ತು ಅವರಿಗೆ. ನನಗೂ ಇತ್ತು, ಆ ಹುಡುಗಿ ಏನೂ ತಪ್ಪು ಮಾಡಿದವಳಲ್ಲ.

ನವೆಂಬರ್ ನಡುವಿಗೆ ತೀರ್ಪು. ತಾಯಿಯ ಒಂದು ಮಾತಿನ ಮೇಲೆ, ಅಭ್ಯರ್ಥಿಯನ್ನೇ ಕೇಳದೆ, ವಾಸ್ತವ್ಯ ಪತ್ರವನ್ನೂ ನೋಡದೆ ತಿರಸ್ಕರಿಸಿದ್ದು ಸರಿಯಲ್ಲ, ಆ ಆದೇಶ ರದ್ದು. ಮೂರು ವಾರದೊಳಗೆ ಹೊಸತಾಗಿ ಸ್ಥಳ ಪರಿಶೀಲನೆ ಮಾಡಿ, ಎಲ್ಲರನ್ನೂ ಕೇಳಿ ತೀರ್ಮಾನಿಸಬೇಕು. ಕೆಲಸ ಕೊಡಿ ಅಂತ ಕೋರ್ಟು ಹೇಳಲಿಲ್ಲ.

"ಮತ್ತೆ ಇದೇ ಮನೆಗೆ ಬಂದು ಕೇಳುವುದಾ?" ಅಂದಳು ನಿಖಿತಾ. "ಬೆಂಗಳೂರು ಸುತ್ತಿ ಬಂದು ಕೊನೆಗೆ ಇಲ್ಲೇ?"

"ಇಲ್ಲೇ," ಅಂದೆ.

ಬಂದರು. ಶನಿವಾರ ಹತ್ತು ಗಂಟೆಗೆ, ಅದೇ ಮೇಲ್ವಿಚಾರಕಿ, ಜೊತೆಗೆ ಪಂಚಾಯಿತಿಯಿಂದ ಒಬ್ಬರು. ಜಗಲಿಯಲ್ಲಿ ಕುರ್ಚಿ ಹಾಕಿದೆವು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದರು, ನಿಖಿತಾ ಒಳಬಾಗಿಲಲ್ಲಿ ನಿಂತಿದ್ದಳು. ಮೇಲ್ವಿಚಾರಕಿ ಫೈಲು ತೆರೆದು ಮಾಮಿಯ ಕಡೆ ತಿರುಗಿದರು.

"ನೋಡಿ ಅಮ್ಮ, ಅವತ್ತು ನೀವು ಹೇಳಿದ್ದನ್ನೇ ನಾನು ಬರೆದದ್ದು. ಇವತ್ತು ಸರಿಯಾಗಿ ಹೇಳಿ. ನಿಮ್ಮ ಮಗಳು ಎಲ್ಲಿರುವುದು?"

"ಅವತ್ತು ನಿಮಗೆ ಚಾ ಕೊಟ್ಟು ಸುಳ್ಳು ಹೇಳಿದೆ," ಅಂದರು ಮಾಮಿ. ನಿಂತೇ ಇದ್ದರು. "ಇವತ್ತು ಮೊದಲು ಬರ್ಕೊಳ್ಳಿ, ಚಾ ಆಮೇಲೆ. ನನ್ನ ಮಗಳು ಇಲ್ಲಿ ಇರುವುದು. ಆಟಿಗೆ ಬಂದದ್ದಲ್ಲ. ಹನ್ನೆರಡು ತಿಂಗಳೂ ಇಲ್ಲೇ. ಗಂಡ ಬೋಟಿನಿಂದ ಬಂದರೆ ಇಲ್ಲಿಗೆ ಬರ್ತಾನೆ. ನಾಚಿಕೆ ಎಂತದ್ದೂ ಇಲ್ಲ."

ಅವರು ಬರೆದುಕೊಂಡರು. ಆಮೇಲೆ ತಲೆಯೆತ್ತಿ, "ಮನೆಯವರಲ್ಲಿ ಇನ್ನೊಬ್ಬರ ಹೇಳಿಕೆ ಬೇಕು," ಅಂದರು. ವಿಕಾಸ್ ಮಣಿಪಾಲದಲ್ಲಿ, ಡ್ಯೂಟಿಯಲ್ಲಿದ್ದರು. ನಾನು ಮುಂದೆ ಬಂದೆ.

"ಅಭ್ಯರ್ಥಿಗೆ ನೀವು ಏನಾಗಬೇಕು?"

"ಅವಳ ಅಣ್ಣನ ಹೆಂಡತಿ."

"ಅಂದರೆ ಮನೆ ನಿಮ್ಮದು. ಅವರು ನಿಮ್ಮ ಜೊತೆ ವಾಸ ಅಂತ ಬರೆಯಲಾ?"

ಪೆನ್ನು ಕಾಗದ ಮುಟ್ಟಿತ್ತು. ಮಾಮಿ ನೆಲ ನೋಡುತ್ತಿದ್ದರು. ಜುಲೈಯಲ್ಲಿ ಕಟ್ಟೆಯ ಮೇಲಿದ್ದ ಮಾಮಿಗೆ ಕೇಳಲಿ ಅಂತ ಜೋರಾಗಿ ಹೇಳಿದ್ದೆನಲ್ಲ, ಈಗಲೂ ಅಷ್ಟೇ ಜೋರಾಗಿ ಹೇಳಿದೆ.

"ಹಾಗೆ ಬರೆಯಬೇಡಿ. ಮದುವೆಯಾಗಿ ಬಂದವಳು ನಾನು. ಅವಳು ಇಲ್ಲಿಯವಳು. ಇದು ಅವಳ ಮನೆ, ನಾನು ಅವಳ ಜೊತೆ ವಾಸ ಇರುವುದು. ಹಾಗೇ ಬರ್ಕೊಳ್ಳಿ, ಸಹಿ ಹಾಕ್ತೇನೆ."

ಅಜ್ಜಿ ಕಂಬದ ಹತ್ತಿರದಿಂದ, "ಬರೆದರಾ, ಓದಿ ಹೇಳ್ಲಿ," ಅಂದರು. ಮೇಲ್ವಿಚಾರಕಿ ಓದಿ ಹೇಳಿದರು. ನಾನು ಸಹಿ ಹಾಕಿದೆ.

ಹೊಸ ಪಟ್ಟಿ ಬಂದದ್ದು ಹನ್ನೆರಡು ದಿನ ಕಳೆದು. ನಿಖಿತಾಳ ಹೆಸರು ಮೊದಲಿಗೇ ಇತ್ತು. ಆದರೆ ಆ ಶನಿವಾರ ಅದು ನಮಗೆ ಗೊತ್ತಿರಲಿಲ್ಲ. ಸಹಿ ಹಾಕಿ ನಾನು ಚಾ ಮಾಡಲು ಒಳಗೆ ಹೋದರೆ, ನಿಖಿತಾ ನನಗಿಂತ ಮೊದಲೇ ಹೋಗಿ ಒಲೆಯ ಎದುರು ನಿಂತಿದ್ದಳು. ವಿಕಾಸ್ ಬಿಚ್ಚಿದ ಬರ್ನರ್ ಇನ್ನೂ ಹಾಗೇ ಬಿದ್ದಿತ್ತು. ಇದ್ದ ಒಂದು ಒಲೆಯ ಮೇಲೆ ಧೃತಿಯ ಹಾಲು. ಅದನ್ನು ಇಳಿಸಲು ಬಟ್ಟೆ ಕೈಗೆ ತೆಗೆದುಕೊಂಡಿದ್ದಳು, ಕಣ್ಣು ಕೆಂಪಾಗಿತ್ತು.

"ಇರ್ಲಿ," ಅಂದೆ. "ಕುದಿ ಬರ್ಲಿ. ಅವರು ಕಾಯ್ತಾರೆ."

ಇಬ್ಬರೂ ಹಾಲು ನೋಡುತ್ತಾ ನಿಂತೆವು.